ಮನೆಗೆ ಮೀಸಲಾದ ಸಿಟ್ಟು

ಸಿಟ್ಟು ಬರುವುದು ದೊಡ್ಡ ತಪ್ಪೋ, ಬಂದ ಸಿಟ್ಟನ್ನೆಲ್ಲ ಮನೆಯವರಿಗೆಂದೇ ಕಾದಿರಿಸುವುದು ದೊಡ್ಡ ತಪ್ಪೋ ಎಂದು ಯಾರಾದರೂ ಕೇಳಿದ್ದರೆ, ಒಂದು ಕಾಲಕ್ಕೆ ನಾನು ಅದರ ಮೇಲೆ ಮುಕ್ಕಾಲು ಗಂಟೆ ಪ್ರಸಂಗ ಮಾಡಬಲ್ಲವನಾಗಿದ್ದೆ. ಉತ್ತರ ಮಾತ್ರ ಗೊತ್ತಿರಲಿಲ್ಲ. ಹೊರಗೂ ಸಿಡುಕು, ಒಳಗೂ ಸಿಡುಕು ಎನ್ನುವ ಜನ ಇದ್ದಾರೆ. ಅವರ ಬಗ್ಗೆ ನನಗೆ ಈಗ ಗೌರವವೇ ಇದೆ, ಅವರಲ್ಲಿ ಮೋಸವಿಲ್ಲ. ನಾನು ಆ ಗುಂಪಿನವನಲ್ಲ. ನನ್ನ ಹೆಸರೇ ಶಾಂತಪ್ಪ. ಎಂಬತ್ತರ ದಶಕದಲ್ಲಿ ನವಲಗುಂದ ತಾಲೂಕಿನ ತಿರ್ಲಾಪುರದಲ್ಲಿ ಶಾಲೆಯ ಮಾಸ್ತರನಾಗಿದ್ದೆ. ಅಲ್ಲಿನ ಹನ್ನೆರಡು ಕ್ರೈಸ್ತ ಮನೆಗಳ ಪುಟ್ಟ ಸಭೆಗೆ ಹಿರಿಯನೂ ಆಗಿದ್ದೆ. ಸುತ್ತಲಿನ ನಾಲ್ಕಾರು ಊರುಗಳ ಸಭೆಗಳಲ್ಲಿ ತಾಳ್ಮೆಯ ಮಾತು ಬಂದರೆ ಜನ ನನ್ನ ಕಡೆ ತಿರುಗಿ ನೋಡುತ್ತಿದ್ದರು. ನಾನು ತಲೆ ತಗ್ಗಿಸುತ್ತಿದ್ದೆ. ತಲೆ ತಗ್ಗಿಸಿದರೆ ಇನ್ನೂ ಚೆನ್ನಾಗಿ ಕಾಣುತ್ತದೆ ಎಂಬುದು ನನಗೆ ಗೊತ್ತಿತ್ತು.

ಈ ಕೀರ್ತಿ ಹುಟ್ಟಿದ್ದು ಒಂದು ಕಪ್ ಚಹಾದಿಂದ. ಅಣ್ಣಿಗೇರಿಯ ಒಂದು ಮದುವೆಯಲ್ಲಿ ಯಾರೋ ಅವಸರದಲ್ಲಿ ನನ್ನ ಹೊಸ ಧೋತರದ ಮೇಲೆ ಬಿಸಿ ಚಹಾ ಚೆಲ್ಲಿದರು. ತೊಡೆ ಸುಟ್ಟಿತು. ಆದರೆ ನಾನು ನಕ್ಕು, "ಇರ್ಲಿ ಬಿಡ್ರಿ, ಧೋತರಕ್ಕೂ ಚಹಾ ಬೇಕಾಗಿತ್ತು" ಎಂದೆ. ನಮ್ಮ ಸಭಾಪಾಲಕರಾದ ಅಯ್ಯನವರು ಪಕ್ಕದಲ್ಲೇ ಇದ್ದರು. ಅವರು ಆ ಮಾತನ್ನು ಮೂರು ಊರಿನ ಪ್ರಸಂಗಗಳಲ್ಲಿ ಹೇಳಿದರು. ಆದರೆ ಅದೇ ಸಂಜೆ ಮನೆಗೆ ಬಂದು, ಆ ಕಲೆ ಹೋಗಲಿಲ್ಲವೆಂದು ನನ್ನ ಹೆಂಡತಿ ರಾಹೇಲಳ ಮೇಲೆ ಅರ್ಧ ಗಂಟೆ ಹಾರಾಡಿದ್ದು ಯಾವ ಪ್ರಸಂಗದಲ್ಲೂ ಬರಲಿಲ್ಲ. ಚಹಾ ಚೆಲ್ಲಿದವನು ಅಣ್ಣಿಗೇರಿಯಲ್ಲಿ ಸುಖವಾಗಿದ್ದ. ಬೈಸಿಕೊಂಡವಳು ಆ ಮದುವೆಗೆ ಬಂದಿರಲೇ ಇಲ್ಲ.

ರವಿವಾರಗಳಂದು ಈ ಕಾರ್ಯಕ್ರಮ ತಪ್ಪದೆ ನಡೆಯುತ್ತಿತ್ತು. ಆರಾಧನೆಗೆ ಹೊರಡುವ ಮುಂಚೆ ಏನಾದರೊಂದು ಸಿಗುತ್ತಿರಲಿಲ್ಲ: ಕರವಸ್ತ್ರ, ಹಾಡಿನ ಪುಸ್ತಕ, ಒಮ್ಮೆ ನನ್ನ ಕಾಲಲ್ಲೇ ಇದ್ದ ಚಪ್ಪಲಿ. ನನ್ನ ಧ್ವನಿ ಏರುತ್ತಿತ್ತು. ಹೊಸ್ತಿಲು ದಾಟಿದ ಕೂಡಲೇ ಇಳಿಯುತ್ತಿತ್ತು. ಪ್ರಾರ್ಥನಾ ಮಂದಿರಕ್ಕೆ ಇನ್ನೂರು ಹೆಜ್ಜೆ. ತಲುಪುವ ಹೊತ್ತಿಗೆ ಮುಖದ ಮೇಲೆ ಮಂದಹಾಸ ನೆಲೆಸಿರುತ್ತಿತ್ತು. ಹಿಂದೆ ರಾಹೇಲ ಕೆಂಪಗಾದ ಕಣ್ಣಿನಿಂದ ಬರುತ್ತಿದ್ದಳು. "ನಿಮ್ಮ ಮನೆಯವರು ಭಾಳ ಭಕ್ತಿಯವರು, ಪ್ರಾರ್ಥನಾಕ್ಕ ಬರೂದ್ರಾಗ ಕಣ್ಣೀರು ಬಂದಿರ್ತಾವ" ಎಂದು ಒಬ್ಬ ಮುದುಕಿ ಮೆಚ್ಚಿಕೊಂಡಿದ್ದೂ ಉಂಟು. ನಮ್ಮ ಗೋಡೆಗೆ ಗೋಡೆ ಹಚ್ಚಿ ಇದ್ದವಳು ಗಂಗವ್ವ, ದಿನವೂ ವಿಭೂತಿ ಹಚ್ಚಿಕೊಂಡು ಲಿಂಗಪೂಜೆ ಮಾಡುವ ಹಿರಿಯಳು. ಅವಳೊಮ್ಮೆ ಏನೂ ಕೆಟ್ಟ ಮನಸ್ಸಿಲ್ಲದೆ ಹೇಳಿದಳು: "ಮಾಸ್ತರ, ರವಿವಾರ ನಮಗ ಗಡಿಯಾರ ಬೇಕಾಗೂದಿಲ್ಲ ನೋಡ್ರಿ. ನಿಮ್ಮ ಒದರಾಟ ಕೇಳಿದ ಕೂಡ್ಲೆ ಎಂಟು ಹೊಡೀತು ಅಂತ ನಾ ಒಲಿ ಮ್ಯಾಲೆ ಬ್ಯಾಳಿ ಇಡ್ತೀನಿ." ನಾನು ನಕ್ಕೆ. ಗಂಗವ್ವ ನಮ್ಮ ಸಭೆಯವಳಲ್ಲವಾದ್ದರಿಂದ ಅವಳಿಗೆ ಗೊತ್ತಾದರೆ ಗೊತ್ತಾಗಲಿ ಎಂದು ಸಮಾಧಾನ ಮಾಡಿಕೊಂಡೆ.

ಹೀಗಿರಲು ಒಂದು ದಿನ ಅಯ್ಯನವರು ಬಸ್ಸಿಳಿದು ನೇರ ಶಾಲೆಗೇ ಬಂದರು. ಅಣ್ಣಿಗೇರಿಯ ಹತ್ತಿ ಗಿರಣಿಯಲ್ಲಿ ಕೆಲಸಕ್ಕಿದ್ದ ದಾನಿಯೇಲ ಎಂಬ ಯುವಕನ ಸಂಗತಿ ಹೇಳಿದರು. ಮದುವೆಯಾಗಿ ಎರಡು ವರ್ಷ. ಸಭೆಯಲ್ಲಿ ಚೆನ್ನಾಗಿ ಹಾಡುತ್ತಾನೆ. ಮನೆಯಲ್ಲಿ ಮುಂಗೋಪಿ. ಊಟದ ತಾಟು ಎಸೆಯುತ್ತಾನೆ. ಕಳೆದ ತಿಂಗಳು ಹೆಂಡತಿಯ ಮೇಲೆ ಕೈ ಎತ್ತಿದ್ದ. ಅವಳು, ಕರುಣಾ, ತವರಿಗೆ ಹೋಗಿಬಿಟ್ಟಿದ್ದಳು.

"ನಾ ಬುದ್ಧಿ ಹೇಳಿ ಸಾಕಾಗೇತ್ರಿ ಮಾಸ್ತರ," ಎಂದರು ಅಯ್ಯನವರು. "ಮಾತು ಕೇಳಿದ್ರ ಏನೂ ಆಗೂದಿಲ್ಲ, ಕಣ್ಣಿಲೆ ನೋಡಬೇಕು. ಇಬ್ಬರನ್ನೂ ಎರಡು ದಿನ ನಿಮ್ಮ ಮನ್ಯಾಗ ಇಟ್ಕೋರಿ. ಕ್ರೈಸ್ತರ ಸಂಸಾರ ಹ್ಯಾಂಗಿರ್ತೈತಿ ಅಂತ ನೋಡ್ಲಿ. ರವಿವಾರ ಆರಾಧನಾದಾಗ ತಾಳ್ಮಿ ಬಗ್ಗೆ ನೀವ ಮಾತಾಡ್ರಿ. ಆಮ್ಯಾಲೆ ಆ ಹುಡುಗಿ ಗಂಡನ ಮನಿಗೆ ಹೋಗೂದೋ ಬ್ಯಾಡೋ ತಾನ ಹೇಳ್ತಾಳಂತ."

ಆಗಲೇ ನಿಜ ಹೇಳಬೇಕಿತ್ತು. ಬದಲಿಗೆ ತಲೆ ತಗ್ಗಿಸಿದೆ. "ನನ್ನಂಥವನಿಂದ ಏನಾದೀತು, ದೇವರ ಚಿತ್ತ" ಎಂದೆ. ಅಯ್ಯನವರ ಕಣ್ಣು ತುಂಬಿ ಬಂತು. ರಾತ್ರಿ ಊಟಕ್ಕೆ ಕುಳಿತಾಗ ರಾಹೇಲಳಿಗೆ ಸುದ್ದಿ ತಿಳಿಸಿದೆ. ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ನನ್ನನ್ನು ನೋಡಿದಳು. "ನಮ್ಮ ಮನ್ಯಾಗ?" ಎಂದಷ್ಟೇ ಕೇಳಿ ಮತ್ತೆ ಬಡಿಯತೊಡಗಿದಳು.

ಶುಕ್ರವಾರ ಸಂಜೆ ಇಬ್ಬರೂ ಬಂದರು, ಬೇರೆ ಬೇರೆ ಬಸ್ಸಿನಲ್ಲಿ. ದಾನಿಯೇಲ ಎತ್ತರದ, ನಾಚಿಕೆಯ ಹುಡುಗ. ನೋಡಿದರೆ ತಾಟು ಎಸೆಯುವವನೆಂದು ಯಾರೂ ಹೇಳರು. ನನ್ನನ್ನು ನೋಡಿದರೂ ಯಾರೂ ಹೇಳುತ್ತಿರಲಿಲ್ಲವಲ್ಲ. ಕರುಣಾ ಗಂಟಿನ ಚೀಲವನ್ನು ಕೆಳಗಿಡದೆ ತೊಡೆಯ ಮೇಲಿಟ್ಟುಕೊಂಡೇ ಕುಳಿತಳು. ಅಂದಿನಿಂದ ನನ್ನ ತಾಳ್ಮೆಯ ಪ್ರದರ್ಶನ ಶುರುವಾಯಿತು. ಹತ್ತೊಂಬತ್ತು ವರ್ಷಗಳಲ್ಲಿ ಹೆಂಡತಿಯನ್ನು ಹೆಸರು ಹಿಡಿದು ಕರೆಯದವನು, "ರಾಹೇಲ, ಸ್ವಲ್ಪ ನೀರು ಕೊಡುತ್ತೀಯಾ?" ಎಂದು ಪಠ್ಯಪುಸ್ತಕದ ಕನ್ನಡದಲ್ಲಿ ಕೇಳಿದೆ. ಅವಳು ತಂಬಿಗೆ ತಂದಿಟ್ಟು ಹಣೆ ಮುಟ್ಟಿ ನೋಡಿದಳು. "ಜ್ವರ ಬಂದೈತೇನ್ರಿ?" ಸಾರಿಗೆ ಉಪ್ಪು ಬಿದ್ದಿರಲಿಲ್ಲ; "ಇಂದಿನ ಸಾರು ಹಿತವಾಗಿದೆ" ಎಂದು ಎರಡನೆಯ ಸಲ ಹಾಕಿಸಿಕೊಂಡೆ. ಶನಿವಾರ ನಾನೇ ಬಾವಿಗೆ ಹೋಗಿ ಎರಡು ಕೊಡ ನೀರು ತಂದೆ. ದಾರಿಯಲ್ಲಿ ಎದುರಾದ ಗಂಗವ್ವ, "ರಾಹೇಲವ್ವಗ ಆರಾಮ ಇಲ್ಲೇನ್ರಿ?" ಎಂದು ಗಾಬರಿಯಾದಳು. ದಾನಿಯೇಲ ಎಲ್ಲವನ್ನೂ ಎವೆಯಿಕ್ಕದೆ ನೋಡುತ್ತಿದ್ದ. ಸಂಜೆ ಹೊತ್ತಿಗೆ ಕರುಣಾ ಚೀಲವನ್ನು ಗೂಟಕ್ಕೆ ನೇತು ಹಾಕಿದಳು. ರಾಹೇಲ ಮಾತ್ರ ಎರಡು ದಿನವೂ ನನ್ನಿಂದ ಸ್ವಲ್ಪ ದೂರವೇ ಇದ್ದಳು. ಮೋಡ ಕಟ್ಟಿದಾಗ ಅಂಗಳದ ಬಟ್ಟೆಗಳನ್ನು ನೋಡುವಂತೆ ಆಗಾಗ ನನ್ನ ಮುಖ ನೋಡುತ್ತಿದ್ದಳು.

ರವಿವಾರ ಬೆಳಿಗ್ಗೆ ಅವಳಿಗೆ ಕೈತುಂಬ ಕೆಲಸ. ನಾಲ್ಕು ಮಂದಿಗೆ ನಾಷ್ಟಾ, ಅಯ್ಯನವರಿಗೆ ಮಧ್ಯಾಹ್ನದ ಅಡಿಗೆ, ನಡುವೆ ನನ್ನ ಬಿಳಿ ಅಂಗಿಗೆ ಇಸ್ತ್ರಿ. ಆಗೆಲ್ಲ ಕೆಂಡ ತುಂಬುವ ಇಸ್ತ್ರಿ ಪೆಟ್ಟಿಗೆ. ಒಂದು ಕಿಡಿ ಹಾರಿ ಅಂಗಿಯ ಎದೆಯ ಮೇಲೆ ಕಡಲೆಕಾಳಿನಷ್ಟು ತೂತು ಬಿತ್ತು. ನಾನು ಒಳಕೋಣೆಯಲ್ಲಿ ತಾಳ್ಮೆಯ ಭಾಷಣವನ್ನು ಕೊನೆಯ ಸಲ ಓದಿಕೊಳ್ಳುತ್ತಿದ್ದೆ. ಅವಳು ಅಂಗಿ ಹಿಡಿದು ಬಾಗಿಲಲ್ಲಿ ನಿಂತಳು. ತೂತು ನನ್ನ ಕಣ್ಣಿಗೆ ಬಿತ್ತು.

ಎರಡು ದಿನ ಒತ್ತಿ ಹಿಡಿದಿದ್ದೆಲ್ಲ ಒಮ್ಮೆಲೇ ಹೊರಗೆ ಬಂತು. "ಹತ್ತೊಂಬತ್ತು ವರ್ಷ ಆತು, ಒಂದು ಅಂಗಿ ಇಸ್ತ್ರಿ ಮಾಡಾಕ ಬರೂದಿಲ್ಲ ನಿನಗ! ತಲ್ಯಾಗ ಏನ ಹೆಂಡಿ ತುಂಬೇತೇನ? ನಾಕು ಮಂದಿ ಮುಂದ ನನ್ನ ಮಾನ ಕಳೀಬೇಕಂತ ಕುಂತೀಯೇನ?" ಇನ್ನೂ ಏನೇನೋ ಅಂದೆ, ಬರೆಯಲು ಕೈ ಬಾರದು. ಅಂಗಿಯನ್ನು ಅವಳ ಕೈಯಿಂದ ಕಿತ್ತು ಮುಖದ ಮೇಲೆ ಎಸೆದೆ. ಅದು ಅವಳ ಹೆಗಲ ಮೇಲೆ ಬಿದ್ದು ಜಾರಿತು. ಅವಳು ಬಗ್ಗಿ ಎತ್ತಿಕೊಂಡಳು. ಆಗ ಪಡಸಾಲೆಯಲ್ಲಿ ಇಬ್ಬರಿದ್ದಾರೆ ಎಂಬುದು ನೆನಪಾಯಿತು. ಅಲ್ಲಿ ಚಹಾದ ಬಸಿ ಕೆಳಗಿಟ್ಟ ಸದ್ದು ಕೂಡ ಇರಲಿಲ್ಲ.

ನಾನು ಹಿತ್ತಲಿಗೆ ಹೋಗಿ ನಿಂತೆ. ಅಡಿಗೆಮನೆಯ ಕಿಂಡಿಯಿಂದ ಕರುಣಾಳ ದನಿ ಕೇಳಿತು. ಅವಳು ಮತ್ತೆ ಚೀಲ ಕಟ್ಟುತ್ತಿದ್ದಳು. "ಇಷ್ಟು ವರ್ಷ ಹ್ಯಾಂಗ ತಡಕೊಂಡ್ರಿ ಅವ್ವಾರ?"

ರಾಹೇಲ ಒಲೆಯ ಕಟ್ಟಿಗೆ ಮುಂದೆ ನೂಕಿದಳು. "ತಡಕೊಂಡಿಲ್ಲವ್ವಾ. ರೂಢಿ ಆಗೇತಿ, ಅಷ್ಟ. ಅದನ್ನ ತಾಳ್ಮಿ ಅಂತ ತಿಳೀಬ್ಯಾಡ ನೀ. ನಿನಗಿನ್ನೂ ರೂಢಿ ಆಗಿಲ್ಲ, ಅದ ಚಲೋ."

ಹತ್ತೊಂಬತ್ತು ವರ್ಷದಲ್ಲಿ ಅವಳು ನನ್ನ ಬಗ್ಗೆ ಹೇಳಿದ ಅತಿ ಉದ್ದದ ಮಾತು ಅದು. ಒಂದು ದೂರು ಕೂಡ ಅಲ್ಲ. ಬೈದಿದ್ದರೆ ನಾನೂ ಏನಾದರೂ ಅನ್ನಬಹುದಿತ್ತು.

ಅಷ್ಟರಲ್ಲಿ ದಾನಿಯೇಲ ಹಿತ್ತಲಿಗೆ ಬಂದ. ಅವನ ಮುಖದಲ್ಲಿ ಅಸಹ್ಯ ಕಾಣುವುದೆಂದುಕೊಂಡಿದ್ದೆ. ಅದಕ್ಕಿಂತ ಕೆಟ್ಟದ್ದು ಕಂಡಿತು: ಹಗುರಾದ ಮುಖ. ಅವನು ನನ್ನ ಬಾಜು ನಿಂತು ಮೆಲ್ಲಗೆ ನಕ್ಕ. "ಖರೇ ಹೇಳ್ತೀನ್ರಿ ಮಾಸ್ತರ, ಎರಡು ದಿನ ನಿಮ್ಮನ್ನ ನೋಡಿ ನಾ ಮನುಷ್ಯಾನ ಅಲ್ಲ ಅನ್ನಿಸಿತ್ತು. ಈಗ ಜೀವಕ್ಕ ಸಮಾಧಾನ ಆತು. ನಿಮ್ಮಂಥಾ ದೊಡ್ಡವರ ಮನ್ಯಾಗೂ ಹಿಂಗ ಅಂದಮ್ಯಾಲ ನಂದೇನ ಅಂಥಾ ತಪ್ಪು? ಹೆಣ್ಮಕ್ಕಳು ಸ್ವಲ್ಪ ತಡಕೋಬೇಕ್ರಿ. ನೀವ ಅಕಿಗೆ ತಿಳಿಸಿ ಹೇಳ್ರಿ."

ನನ್ನ ಸಿಟ್ಟು ನನ್ನ ಮನೆಯ ನಾಲ್ಕು ಗೋಡೆಗಳ ನಡುವಿನ ಸಂಗತಿ ಎಂದು ಇಷ್ಟು ದಿನ ನಂಬಿಕೊಂಡಿದ್ದೆ. ಈಗ ಈ ಹುಡುಗ ಅದನ್ನು ಅಪ್ಪಣೆಯೆಂದು ಜೇಬಿಗೆ ಹಾಕಿಕೊಂಡು ಅಣ್ಣಿಗೇರಿಗೆ ಹೊರಟಿದ್ದ. ಮುಂದೆ ಅವನು ಎಸೆಯುವ ಒಂದೊಂದು ತಾಟಿಗೂ ನನ್ನ ಹೆಸರು ಹೇಳಬಹುದಿತ್ತು. ಕರುಣಾಳಿಗೂ ಹತ್ತೊಂಬತ್ತು ವರ್ಷಗಳಲ್ಲಿ ರೂಢಿಯಾಗಬಹುದಿತ್ತು.

"ಬಾ ಇಲ್ಲಿ," ಎಂದು ಅವನ ರಟ್ಟೆ ಹಿಡಿದು ಅಡಿಗೆಮನೆಗೆ ಕರೆದೊಯ್ದೆ. ಹೆಂಗಸರಿಬ್ಬರೂ ಬೆಚ್ಚಿ ನೋಡಿದರು. ದೇವರ ಮುಂದೆ ತಪ್ಪೊಪ್ಪಿಗೆಯ ಪ್ರಾರ್ಥನೆಯನ್ನು ನಾನು ಕಾಗದ ನೋಡದೆ ಮಾಡಬಲ್ಲೆ. ಸಭೆಯೆಲ್ಲ ನನ್ನ ಹಿಂದೆ ಹೇಳುತ್ತಿತ್ತು. ಹೆಂಡತಿಯ ಮುಂದೆ ಎರಡು ಶಬ್ದ ಬಾಯಿಗೆ ಬರಲಿಲ್ಲ. ಕೊನೆಗೆ, "ನಂದು ತಪ್ಪಾತು," ಎಂದೆ. "ಅಂಗೀದಷ್ಟ ಅಲ್ಲ. ಎಲ್ಲಾದ್ದೂ. ಧೋತರದ್ದೂ." ನಂತರ ದಾನಿಯೇಲನ ಕಡೆ ತಿರುಗಿದೆ. "ನೀ ನನ್ನ ನೋಡಿ ಸಮಾಧಾನ ಪಡಬ್ಯಾಡ. ಹೊರಗ ಕಂಡದ್ದು ಸುಳ್ಳು, ಒಳಗ ಕಂಡದ್ದು ಖರೇ, ಆದ್ರ ಖರೇ ಇದ್ದದ್ದು ಚಲೋ ಅಲ್ಲ. ನಾ ಇಕಿ ಬಾಯಿ ಮುಚ್ಚಿಸೀನಿ, ಮನಸು ಗೆದ್ದಿಲ್ಲ. ನೀ ಹಿಂಗ ಆಗಬ್ಯಾಡ."

ರಾಹೇಲ ಸೆರಗಿನಿಂದ ಮುಖ ಒರೆಸಿಕೊಂಡಳು. ಅವಳಿಗೂ ಇಂಥ ಸಂದರ್ಭದ ರೂಢಿಯಿರಲಿಲ್ಲ. "ಆತು ಬಿಡ್ರಿ. ಚಹಾ ಆರ್ತೈತಿ" ಎಂದಳು. ದಾನಿಯೇಲ ತಲೆ ತಗ್ಗಿಸಿ ನಿಂತಿದ್ದ. ನನ್ನ ಹಾಗೆ ಚೆಂದ ಕಾಣಲೆಂದು ತಗ್ಗಿಸಿದ ತಲೆಯಲ್ಲ ಅದು. ಕರುಣಾ ಅವನನ್ನೇ ನೋಡುತ್ತಿದ್ದಳು. ಅವನು ನೆಲ ನೋಡುತ್ತ, "ಅವತ್ತು ಕೈ ಎತ್ತಿದ್ದಕ್ಕ..." ಎಂದು ಶುರು ಮಾಡಿ ಪೂರ್ತಿ ಮಾಡಲಾರದೆ ಅತ್ತ.

ಆರಾಧನೆಗೆ ತೂತಿನ ಅಂಗಿಯಲ್ಲೇ ಹೋದೆ. ಬೇರೆ ಅಂಗಿ ಒಗೆಯಲು ನೆನೆಹಾಕಿತ್ತು. ಭಾಷಣದ ಕಾಗದ ಮನೆಯಲ್ಲೇ ಉಳಿದಿತ್ತು. ಎದ್ದು ನಿಂತು, ತಾಳ್ಮೆಯ ಬಗ್ಗೆ ಮಾತನಾಡುವ ಯೋಗ್ಯತೆ ನನಗಿಲ್ಲವೆಂದೂ, ಬೆಳಿಗ್ಗೆ ಮನೆಯಲ್ಲಿ ನಡೆದದ್ದು ಇಂತಿಂಥದೆಂದೂ ಐದು ಮಾತಿನಲ್ಲಿ ಹೇಳಿ ಕುಳಿತೆ. ಅತಿಥಿಗಳ ಹೆಸರು ಎತ್ತಲಿಲ್ಲ. ಅಯ್ಯನವರು ಕನ್ನಡಕ ತೆಗೆದು ಬಹಳ ಹೊತ್ತು ಒರೆಸಿದರು.

ಕರುಣಾ ಅಂದೇ ಗಂಡನ ಜೊತೆ ಹೋಗಲಿಲ್ಲ. "ಮೂರು ತಿಂಗಳು ನೋಡ್ತೀನಿ. ರವಿವಾರಕ್ಕೊಮ್ಮೆ ಬಂದು ಮಾತಾಡಿಸಿ ಹೋಗ್ರಿ" ಎಂದು ಎಲ್ಲರ ಎದುರೇ ದಾನಿಯೇಲನಿಗೆ ಹೇಳಿ ತವರಿನ ಬಸ್ಸು ಹತ್ತಿದಳು. ಅವನು ಪ್ರತಿ ವಾರ ಹೋದ. ನಾಲ್ಕನೆಯ ತಿಂಗಳು ಅವಳು ಬಂದಳು. ಆಮೇಲೂ ಅವರು ಜಗಳಾಡುತ್ತಿದ್ದರೆಂದು ಕೇಳಿದ್ದೇನೆ. ತಾಟು ಹಾರಿದ ಸುದ್ದಿ ಮಾತ್ರ ಬರಲಿಲ್ಲ. ನನ್ನ ಸಿಟ್ಟೂ ಒಂದೇ ದಿನದಲ್ಲಿ ಸತ್ತಿತೆಂದು ಹೇಳಿದರೆ ರಾಹೇಲ ಇದನ್ನು ಓದಿ ನಗುತ್ತಾಳೆ. ಬರುತ್ತಿತ್ತು. ಬಂದಾಗ ಅವಳು ಸುಮ್ಮನಿರುತ್ತಿರಲಿಲ್ಲ, "ಸಾವಕಾಶ ಮಾತಾಡ್ರಿ, ನಂಗ ಕಿವಿ ಕೇಳ್ತಾವ" ಎನ್ನುತ್ತಿದ್ದಳು. ಅದೇ ಹೊಸದು.

ಇಲ್ಲಿಗೆ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಆದರೆ ಆ ಐದು ಮಾತು ನನ್ನ ಚಹಾದ ಮಾತಿಗಿಂತ ದೂರ ಹೋಯಿತು. "ಎಂಥಾ ದೀನ ಮನುಷ್ಯಾರೀ! ಸಭಾದಾಗ ನಿಂತು ತಪ್ಪು ಒಪ್ಪಿಕೊಂಡ್ರಂತ!" ಎಂದು ಕುಂದಗೋಳದವರೆಗೆ ಸುದ್ದಿಯಾಯಿತು. ಜನ ಎದುರಾದಾಗ ಎರಡೂ ಕೈಯಲ್ಲಿ ನನ್ನ ಕೈ ಹಿಡಿಯತೊಡಗಿದರು. ಕೆಲವು ತಿಂಗಳ ಮೇಲೆ ಬೇರೊಂದು ಸಭೆಯವರು, ತಪ್ಪೊಪ್ಪಿಗೆಯ ವಿಷಯವಾಗಿ ನಾನೇ ಬಂದು ಮಾತನಾಡಬೇಕೆಂದು ಕಾಗದ ಬರೆದರು. ನಾನು ಒಪ್ಪಿಕೊಂಡೆ. ನಾಲ್ಕು ಸಂಜೆ ಕುಳಿತು ಬರೆದೆ. ಐದು ಮಾತು ಹನ್ನೊಂದು ಪುಟವಾಯಿತು. ಅಂಗಿಯ ತೂತು ಅಂಗೈಯಷ್ಟು ದೊಡ್ಡದಾಯಿತು. ಐದನೆಯ ಸಂಜೆ ಗೋಡೆಗೆ ಮುಖ ಮಾಡಿ ಗಟ್ಟಿಯಾಗಿ ಓದಿ ನೋಡುತ್ತಿದ್ದೆ. ರಾಹೇಲ ಅಕ್ಕಿ ಆರಿಸುತ್ತ ಕೇಳುತ್ತಿದ್ದಳು.

"ಅಳೂದು ಎಲ್ಲಿ ಬರ್ತೈತ್ರಿ?" ಎಂದು ಕೇಳಿದಳು. "ಮೊದಲೋ, ನಡಕೋ?"

ನಾನು ಓದುವುದನ್ನು ನಿಲ್ಲಿಸಿದೆ. ಸಿಟ್ಟು ಬರಲಿಲ್ಲ, ಬರುವ ಮುಖ ಎಲ್ಲಿತ್ತು? ಏಳನೆಯ ಪುಟದ ಅಂಚಿನಲ್ಲಿ, ಕೆಂಪು ಶಾಯಿಯಲ್ಲಿ, 'ಇಲ್ಲಿ ಕಂಠ ಗದ್ಗದ' ಎಂದು ನಾನೇ ಬರೆದುಕೊಂಡಿದ್ದೆ.