ಹದ್ದಿನ ಕಣ್ಣಿನ ಬ್ಯಾನರ್

ಈ ವಸಂತದ ವಲಸೆಹಕ್ಕಿ ಎಣಿಕೆಯಲ್ಲಿ ಪಕ್ಕದ ಊರಿನ ಥಾಕ್‌ನ ಸೊಕ್ಕು ಮುರಿಯದಿದ್ದರೆ ನನ್ನ ಹೆಸರು ಪ್ಯೋ ಸಾಂಗ್‌ದಲ್ ಅಲ್ಲ ಎಂದು ಊರಿನ ಸಭಾಭವನದಲ್ಲಿ ಘೋಷಿಸಿಬಿಟ್ಟೆ! ಬಾಗುಕೊಕ್ಕಿನ ಹಕ್ಕಿಗಳ ಲೆಕ್ಕದಲ್ಲಿ ಮೂರು ವರ್ಷದಿಂದ ಅವನದೇ ಮೇಲುಗೈ, ಅವನದೇ ಬ್ಯಾನರ್. ನಮ್ಮ ಕಡೆ ಯಾರದೋ ಮಗ ಪರೀಕ್ಷೆ ಪಾಸಾದರೂ ರಸ್ತೆಗೆ ಅಡ್ಡಲಾಗಿ ಬ್ಯಾನರ್, ಹಂದಿಗೆ ಬಹುಮಾನ ಬಂದರೂ ಬ್ಯಾನರ್. ಅರವತ್ತೆಂಟು ವರ್ಷದಲ್ಲಿ ನನಗೆ ಮಾತ್ರ ಒಂದೂ ಇಲ್ಲ.

ಎಣಿಕೆಯ ದಿನ ಸಮುದ್ರದ ಭರತ ಏರುವ ಹೊತ್ತಿಗೆ ಕಡಲಂಚಿನ ಕೆಸರುಬಯಲಲ್ಲಿ ದುರ್ಬೀನು ಹಿಡಿದು ಕೂತೆ. ಹತ್ತು ಹಕ್ಕಿಗೊಂದು ಸಲ ಕೈಯಲ್ಲಿನ ಪುಟ್ಟ ಕೌಂಟರಿನ ಗುಂಡಿ ಒತ್ತಬೇಕು. ಕಣ್ಣು ಹಕ್ಕಿಯ ಮೇಲೆ, ಹೆಬ್ಬೆರಳು ಗುಂಡಿಯ ಮೇಲೆ. ಕೊನೆಗೆ ನೋಡಿದರೆ 146! ಅಂದರೆ ಸಾವಿರದ ನಾನೂರ ಅರವತ್ತು ಹಕ್ಕಿ. ಥಾಕ್‌ದು ಬರೀ ನಾನೂರ ಹತ್ತು. ಅಷ್ಟು ಹಕ್ಕಿ ಕಂಡ ನೆನಪು ನನಗಿರಲಿಲ್ಲ, ನಿಜ. ನೆನಪಿಗಿಂತ ನನ್ನ ಕಣ್ಣು ಚುರುಕು ಎಂದುಕೊಂಡೆ.

ಮರುದಿನವೇ ಬ್ಯಾನರ್ ಏರಿತು: ‘ನಮ್ಮೂರ ಹದ್ದಿನ ಕಣ್ಣು ಪ್ಯೋ ಸಾಂಗ್‌ದಲ್‌ರಿಗೆ ಅಭಿನಂದನೆ!’ ಅದರ ಕೆಳಗೆ ಹಾದುಹೋಗಲೆಂದೇ ನಾಲ್ಕು ಸಲ ಅಂಗಡಿಗೆ ಹೋಗಿ ನಾಲ್ಕು ಸಲವೂ ಉಪ್ಪು ತಂದೆ.

ಮೂರನೆಯ ದಿನ ರಾಜಧಾನಿ ಸೋಲ್‌ನಿಂದ ಇಬ್ಬರು ಪಕ್ಷಿತಜ್ಞರು ಓಡೋಡಿ ಬಂದರು. ಇಡೀ ಭರತ ಕಾದರೂ ನಾನೂರು ಹಕ್ಕಿಯೂ ಸಿಗಲಿಲ್ಲ. ಊಟಕ್ಕೆ ಮನೆಗೆ ಕರೆತಂದೆ. ಕೌಂಟರು ಮೊದಲು ಸೊನ್ನೆಯಲ್ಲಿತ್ತೇ ಎಂದು ಒಬ್ಬರು ಮೆಲ್ಲಗೆ ಕೇಳಿದರು. ಹಿಂದಿನ ರಾತ್ರಿಯೇ ಸೊನ್ನೆ ಮಾಡಿ ಜೇಬಿಗಿಡುವ ಶಿಸ್ತಿನ ಮನುಷ್ಯ ನಾನು ಎಂದೆ. ಶಾವಿಗೆ ಬಡಿಸುತ್ತಿದ್ದ ನನ್ನ ಹೆಂಡತಿ ಮಾಲ್‌ಸುನ್‌ಳ ಸೌಟು ಅಲ್ಲೇ ನಿಂತಿತು.

“ರೀ, ಅವತ್ತು ಬೆಳಗ್ಗೆ ನನ್ನ ಜಪಮಣಿ ಕಿತ್ತುಹೋಗಿತ್ತು. ಬುದ್ಧನಿಗೆ ನೂರೆಂಟು ನಮಸ್ಕಾರ ಹಾಕೋವಾಗ ನಿಮ್ಮ ಕೌಂಟರಲ್ಲೇ ಎಣಿಸ್ದೆ. ಆಮೇಲೆ ಹಾಗೇ ನಿಮ್ಮ ಜೇಬಲ್ಲೇ ಇಟ್ಟೆ.”

ನೂರೆಂಟು ಕಳೆದರೆ ಮೂವತ್ತೆಂಟು. ಅಂದರೆ ಮುನ್ನೂರ ಎಂಬತ್ತು ಹಕ್ಕಿ. ನಾಚಿಕೆಯಿಂದ ನೆಲ ಬಾಯಿಬಿಡಬಾರದೇ ಅನ್ನಿಸಿತು.

“ನಿಂಗ್ಯಾಕೆ ಬೇಕಿತ್ತೇ ಅವತ್ತೇ ನಮಸ್ಕಾರ?”

“ನಿಮ್ಮ ಲೆಕ್ಕ ಥಾಕ್‌ಗಿಂತ ಜಾಸ್ತಿ ಬರ್ಲಿ ಅಂತ. ಬಂತಲ್ಲ!”

ಥಾಕ್‌ಗೆ ನಾನೇ ಫೋನು ಮಾಡಿ ತಪ್ಪೊಪ್ಪಿಕೊಂಡೆ. ಬ್ಯಾನರ್ ಇಳಿಯಿತು. ಒಳ್ಳೆ ಗಟ್ಟಿ ಬಟ್ಟೆ ಎಂದು ಮಾಲ್‌ಸುನ್ ಅದನ್ನು ಅಂಗಳದಲ್ಲಿ ಹಾಸಿ ಕಾಡುಸೊಪ್ಪು ಒಣಗಿಸಿದ್ದಾಳೆ. ನಿನ್ನೆ ಥಾಕ್ ಬಂದ. ಕುಕ್ಕರುಗಾಲಲ್ಲಿ ಕೂತು, ‘ಹದ್ದಿನ ಕಣ್ಣಿ’ನ ಮೇಲಿದ್ದ ಸೊಪ್ಪನ್ನು ನಿಧಾನಕ್ಕೆ ಸರಿಸಿ ಪೂರ್ತಿ ಓದಿದ. ಆಮೇಲೆ ಜೇಬಿನಿಂದ ತನ್ನ ಕೌಂಟರು ತೆಗೆದು, ಎರಡೂ ಕೈಯಲ್ಲಿ ಹಿಡಿದು ನನ್ನ ಹೆಂಡತಿಯ ಮುಂದೆ ಚಾಚಿದ.

“ಅತ್ತಿಗೆ, ಮುಂದಿನ ವರ್ಷದ ನಮಸ್ಕಾರ ಇದರಲ್ಲಿ ಹಾಕಿಬಿಡಿ.”