ಒಂದೇ ಕುರ್ಚಿಯ ದೋಣಿ

ಎಲ್ಲ ರಾಮಾಯಣಕ್ಕೂ ಕಾರಣ ಒಂದು ಕುರ್ಚಿ. ಅದನ್ನು ಯಾರೂ ಇನ್ನೂ ಕಣ್ಣಾರೆ ಕಂಡಿರಲಿಲ್ಲ. ದೂರದ ಬಂದರಿನಲ್ಲಿ, ಬಾಡಿಗೆ ದೋಣಿಯೊಂದರ ಹಿಂಬದಿಗೆ ಬೋಲ್ಟು ಹಾಕಿ ಕೂರಿಸಿದ ಕುರ್ಚಿ ಅದು. ನಡುಸಮುದ್ರದಲ್ಲಿ ಮಾರ್ಲಿನ್ ಮೀನು ಹಿಡಿಯಬೇಕಾದರೆ ಅದರಲ್ಲೇ ಕೂರಬೇಕು. ಆ ಮೀನಿಗೆ ಈಟಿಯಂಥ ಮೂತಿ, ಇಬ್ಬರು ಗಂಡಸರ ತೂಕ. ಗಾಳ ಕಚ್ಚಿದಾಗ ಕುರ್ಚಿಯಲ್ಲಿ ಯಾರಿದ್ದಾರೋ ಮೀನು ಅವರದು, ಬೇರೆಯವರು ಕೋಲು ಮುಟ್ಟುವ ಹಾಗಿಲ್ಲ. ಇಡೀ ದಿನ ಅಲೆದು ಒಂದು ಕಚ್ಚಿದರೆ ಪುಣ್ಯ. ಹೊರಟವರು ನಾಲ್ವರು: ಮಾವ, ಅವರ ಮಗ, ಇಬ್ಬರು ಅಳಿಯಂದಿರು.

ಪ್ರವಾಸ ಚಿಕ್ಕಳಿಯನ ಕನಸಿನ ಕೂಸು. ಲಿಫ್ಟ್ ರಿಪೇರಿಯ ಕೆಲಸದ ನಡುವೆಯೇ ದೋಣಿ ಹುಡುಕಿದ್ದು, ಒಳ್ಳೆಯ ತಿಂಗಳು ವಿಚಾರಿಸಿದ್ದು, ದೋಣಿಯವನ ಜತೆ ಫೋನಿನಲ್ಲಿ ಗಂಟಲು ಹರಿದುಕೊಂಡದ್ದು ಎಲ್ಲ ಅವನೇ. ಆದರೆ ಮಾವನ ಮನೆಯಲ್ಲೇ ಬಿದ್ದಿರುವ ಅಳಿಯನ ಪಾಡು ಕೇಳಬೇಕೆ? ಸ್ನಾನಕ್ಕೆ ಕೊನೆಯವನು. ಕಾರಿನಲ್ಲಿ ಹಿಂದಿನ ಸೀಟಿನ ನಡುವೆ. ಪೇಪರು ಕೈಗೆ ಸಿಗುವ ಹೊತ್ತಿಗೆ ಪದಬಂಧ ತುಂಬಿ ಆಗಿರುತ್ತಿತ್ತು. ಒಂದೇ ಒಂದು ಸಲ ಮೊದಲು ಕೂರಬೇಕು, ಅದೂ ಆ ಕುರ್ಚಿಯಲ್ಲಿ, ಎಂದು ಅವನ ಜೀವ ಹಪಹಪಿಸುತ್ತಿತ್ತು.

ಹೊರಡುವ ಹಿಂದಿನ ದಿನ ಬೆಳಿಗ್ಗೆಯೇ ಜಗಳ ಹತ್ತಿಕೊಂಡಿತು. ರೈಲ್ವೆ ಗಾರ್ಡ್ ಆಗಿ ನಿವೃತ್ತರಾದ ಮಾವ, ಹಿರಿಯ ತಾನಿರುವಾಗ ಮೊದಲು ಕೂರುವವರು ಯಾರು ಎಂದರು. ಹಲ್ಲು ಕೀಳುವ ಕೈಗೆ ಮೀನು ಯಾವ ಲೆಕ್ಕ ಎಂದ ದೊಡ್ಡಳಿಯ. ಅವನು ಹಲ್ಲಿನ ಡಾಕ್ಟರು. ಭಾವಮೈದುನ ಅಂಗಿಯ ತೋಳು ಮಡಚಿ ರಟ್ಟೆ ತೋರಿಸಿದ. ಮಧ್ಯಾಹ್ನ ಯಾರೂ ಯಾರ ಮುಖ ನೋಡದೆ ಉಂಡರು. ದೊಡ್ಡಳಿಯ ತನ್ನ ಸೂಟ್‌ಕೇಸು ಎತ್ತಿಕೊಂಡು ಬಾಗಿಲವರೆಗೂ ಹೋದ. ಪಂಚಾಯಿತಿಗೆ ಬಂದ ಎದುರು ಮನೆಯ ದರ್ಜಿ, ಮೀನು ಮಾರ್ಕೆಟ್ಟಲ್ಲೇ ಸಿಗುತ್ತಲ್ಲ ಎಂದು ಹೇಳಿ ನಾಲ್ವರಿಂದಲೂ ಬೈಸಿಕೊಂಡ.

ಹೀಗೇ ಬಿಟ್ಟರೆ ಪ್ರವಾಸವೇ ಮುರಿದು ಬೀಳುತ್ತದೆ. ಚಿಕ್ಕಳಿಯ ಬೆಂಕಿಪೊಟ್ಟಣ ಹಿಡಿದು ಬಚ್ಚಲು ಸೇರಿ ಅಗುಳಿ ಹಾಕಿಕೊಂಡ. ಅವನ ಉಪಾಯ ಇಷ್ಟೇ: ನಾಲ್ಕು ಕಡ್ಡಿ ಹಿಡಿಯುವುದು, ತುಂಡು ಕಡ್ಡಿ ಬಂದವನಿಗೆ ಮೊದಲ ಸರದಿ. ಆದರೆ ನಾಲ್ಕೂ ಇಡೀ ಕಡ್ಡಿಗಳೇ. ಮೂವರು ಎಳೆದ ಮೇಲೆ ಉಳಿದದ್ದನ್ನು ಮುಷ್ಟಿಯೊಳಗೇ ಹೆಬ್ಬೆರಳಲ್ಲಿ ಸದ್ದಿಲ್ಲದೆ ಮುರಿಯುವುದು. ಕಡ್ಡಿಯ ಮೇಲೆ ಕಡ್ಡಿ ಮುರಿದು ಅಭ್ಯಾಸ ಮಾಡಿದ.

"ರೀ, ಕದ್ದು ಸಿಗರೇಟು ಸೇದ್ತಿದ್ದೀರಾ?" ಹೆಂಡತಿ ಬಾಗಿಲು ಬಡಿದಳು.

ಹೂಂ ಅಂದುಬಿಟ್ಟ. ಅದೇ ಸುಲಭವಾಗಿತ್ತು.

ಸಂಜೆ ಎಲ್ಲರೆದುರು ಕಡ್ಡಿಯ ಮಾತೆತ್ತಿ, "ನೀವೆಲ್ಲ ಎಳೀರಿ, ಕಡೇಲಿ ಉಳಿದಿದ್ದು ನಂಗಿರಲಿ" ಎಂದ. ಅವನ ತ್ಯಾಗಕ್ಕೆ ಮಾವ ತಲೆದೂಗಿದರು. ಗೋಡೆಯ ಕಡೆ ತಿರುಗಿ ಒಂದು ಕಡ್ಡಿ ಮುರಿದ ಹಾಗೆ ನಟಿಸಿ, ಮುಷ್ಟಿ ಬಿಗಿಹಿಡಿದು ಈ ಕಡೆ ತಿರುಗಿದ. ಅಷ್ಟರಲ್ಲಿ ಅವನ ಜೇಬಿನ ಫೋನು ಬಡಿದುಕೊಂಡಿತು. ಮಾವನೇ ಕೈಹಾಕಿ ತೆಗೆದು ಮಾತಾಡಿದರು. ಇಡುವಾಗ ಮುಖ ಕಪ್ಪಿಟ್ಟಿತ್ತು.

"ದೋಣಿಯವನು. ಬಂದರಿನವರ ಹೊಸ ನಿಯಮವಂತೆ, ಮೂರೇ ಜನಕ್ಕೆ ಜಾಗ." ಮುಷ್ಟಿಯ ಕಡೆ ಬೆರಳು ತೋರಿಸಿ ಮುಂದುವರಿಸಿದರು, "ಹೇಗೂ ಕಡ್ಡಿ ಸಿದ್ಧ ಇದೆ. ತುಂಡು ಬಂದೋರು ಮನೇಲಿರಲಿ. ಕುರ್ಚಿ ಮಾತು ಆಮೇಲೆ."

ಇದು ಬೇಡ, ಹೊಸದಾಗಿ ಹಿಡಿಯೋಣ ಎಂದು ಚಿಕ್ಕಳಿಯ ತೊದಲಿದ.

"ಯಾಕಪ್ಪಾ?" ದೊಡ್ಡಳಿಯ ಕಣ್ಣು ಕಿರಿದು ಮಾಡಿದ. "ತುಂಡು ಯಾವುದು ಅಂತ ನಿಂಗೆ ಮೊದಲೇ ಗೊತ್ತಾ?"

ಚಿಕ್ಕಳಿಯ ಮುಷ್ಟಿಯನ್ನು ಮುಂದೆ ಚಾಚಿದ. ಮಾವ ಕಣ್ಣು ಮುಚ್ಚಿ ಎಳೆದರು. ಇಡೀ ಕಡ್ಡಿ. ದೊಡ್ಡಳಿಯ ಎಳೆದ, ಇಡೀ ಕಡ್ಡಿ. ಭಾವಮೈದುನ ಬೆವರು ಒರೆಸಿಕೊಂಡು ಎಳೆದು, ಅದೂ ಇಡೀ ಕಡ್ಡಿಯೇ ಎಂದು ಕಂಡು ಸಮಾಧಾನದಿಂದ ಸೋಫಾದ ಮೇಲೆ ಕುಸಿದ. ಈಗ ಮೂವರೂ ಚಿಕ್ಕಳಿಯನ ಮುಷ್ಟಿಯನ್ನೇ ನೋಡುತ್ತಿದ್ದರು. ಇಡೀ ಕಡ್ಡಿ ತೋರಿಸಿದರೆ ಮೋಸ ಬಯಲು, ಜನ್ಮಪೂರ್ತಿ ಈ ಮನೆಯಲ್ಲಿ ತಲೆಯೆತ್ತುವ ಹಾಗಿಲ್ಲ. ಹೆಬ್ಬೆರಳು ತಾನಾಗಿ ಅದುಮಿತು. ಬಚ್ಚಲಲ್ಲಿ ಒಮ್ಮೆಯೂ ಅಷ್ಟು ಚೆನ್ನಾಗಿ ಮುರಿದಿರಲಿಲ್ಲ.

ತುಂಡು ಕಡ್ಡಿ ನೋಡಿ ಮಾವನ ಕಣ್ಣು ಒದ್ದೆಯಾಯಿತು. ಪಾಪ, ಓಡಾಡಿದವನೇ ಇವನು ಎಂದು ಬೆನ್ನು ಸವರಿದರು. ತನ್ನ ಜಾಗ ಕೊಡುತ್ತೇನೆ ಎಂದು ಮಾತ್ರ ಯಾರ ಬಾಯಲ್ಲೂ ಬರಲಿಲ್ಲ. ಬಂದದ್ದು ಮತ್ತೆ ಕುರ್ಚಿಯ ಮಾತು, ಹಿಂದೆಯೇ ಜಗಳ.

"ಇನ್ನೊಂದು ಸಲ ಕಡ್ಡಿ ಎತ್ತೋಣ" ಎಂದರು ಮಾವ. "ಚಿಕ್ಕಳಿಯನೇ ಹಿಡೀಲಿ. ಬರದೇ ಇರೋನು, ಮೋಸ ಮಾಡಿ ಅವನಿಗೇನಾಗಬೇಕು?"

ಎಲ್ಲರೂ ಒಪ್ಪಿದರು. ಚಿಕ್ಕಳಿಯ ಮೂರು ಕಡ್ಡಿ ತೆಗೆದುಕೊಂಡು ಗೋಡೆಯ ಕಡೆ ತಿರುಗಿ, ಈ ಸಲ ನಿಜವಾಗಿಯೂ ಒಂದನ್ನು ಮುರಿದ.