ಕೂಲರಿನೊಳಗಿನ ಬೆಳವ

ಹಕ್ಕಿಗಳ ಫೋಟೊ ತೆಗೆಯುವ ಹುಚ್ಚು ಹಿಡಿದವರಲ್ಲಿ ಎರಡು ಬಗೆ. ಹಕ್ಕಿಯ ಫೋಟೊ ತೆಗೆಯುವವರು ಒಂದು ಬಗೆ. ಹಕ್ಕಿ ಈಗಷ್ಟೇ ಕೂತು ಎದ್ದುಹೋದ ಕೊಂಬೆಯ ಫೋಟೊ ತೆಗೆಯುವವರು ಇನ್ನೊಂದು. ನಾನು ಎರಡನೆಯ ಬಗೆಯವನು ಎಂಬುದನ್ನು ನಾಗಪುರದ ಸೀತಾಬರ್ಡಿಯ ಸ್ಟುಡಿಯೊದವನು ನನಗಿಂತ ಮೊದಲೇ ಕಂಡುಕೊಂಡಿದ್ದ. ಆಗಿನ್ನೂ ರೋಲು ತೊಳೆಸುವ ಕಾಲ. ಪ್ರಿಂಟು ತರಲು ಹೋದಾಗಲೆಲ್ಲ ಆತ ಲಕೋಟೆಯನ್ನು ಕೈಗಿಡುತ್ತ, "ಸಾಬ್, ಪೇಡ್ ಬಹುತ್ ಅಚ್ಛಾ ಆಯಾ ಹೈ" ಎನ್ನುತ್ತಿದ್ದ. ಮರ ಬಹಳ ಚೆನ್ನಾಗಿ ಬಂದಿದೆಯಂತೆ! ನಾನು ತೆಗೆದದ್ದು ಮಿಂಚುಳ್ಳಿಯ ಫೋಟೊ. ಸೆಕೆಂಡ್ ಹ್ಯಾಂಡಿನಲ್ಲಿ ಕೊಂಡ ಉದ್ದ ಲೆನ್ಸನ್ನು ಕೊರಳಿಗೆ ಕಟ್ಟಿಕೊಂಡು ಪ್ರತಿ ರವಿವಾರ ನಸುಕಿನಲ್ಲೇ ಸ್ಕೂಟರ್ ಏರಿ ಅಂಬಾಝರಿ ಕೆರೆಗೆ ಹೋಗಿ, ಕೆಸರಿನಲ್ಲಿ ಕುಕ್ಕರುಗಾಲಲ್ಲಿ ಕೂತು, ಸೊಳ್ಳೆಗಳಿಗೆ ಉಪಾಹಾರವಾಗಿ ತೆಗೆದ ಫೋಟೊ. ಒಂದೇ ಒಂದು ಹಕ್ಕಿ, ಕಣ್ಣು ಮೂಗು ಸ್ಪಷ್ಟವಾಗಿ ಕಾಣುವಂತೆ ನನ್ನ ಕ್ಯಾಮೆರಾದಲ್ಲಿ ಬಂದರೆ ಸಾಕು, ಬೇರೇನೂ ಬೇಡ ಎಂದು ನನಗೆ ಆಗ ನಿಜವಾಗಿಯೂ ಅನಿಸುತ್ತಿತ್ತು.

ಫೋಟೊ ಬರದಿದ್ದರೇನು, ಮಾತು ಬರುತ್ತಿತ್ತಲ್ಲ! ನಮ್ಮ ಕಾಲೊನಿಯಲ್ಲಿ ಪಕ್ಷಿಸಂರಕ್ಷಣೆಯ ಭಾಷಣ ನನ್ನದೇ ಖಾತೆ. ಗಣೇಶೋತ್ಸವವಿರಲಿ, ಕೋಜಾಗಿರಿ ಹುಣ್ಣಿಮೆಯ ಹಾಲು ಕುಡಿಯುವ ಕೂಟವಿರಲಿ, ಯಾರಾದರೂ ಬಾಯಿ ಬಿಡುವ ಮೊದಲೇ ನಾನು ಎದ್ದು ನಿಂತು, ಗೂಡು ಮುಟ್ಟಬೇಡಿ, ಮಣ್ಣಿನ ಪರಿಯಾಣದಲ್ಲಿ ನೀರಿಡಿ, ನಮಗೆ ತುಸು ತೊಂದರೆಯಾದರೂ ಅವುಗಳ ಸಂಸಾರ ಕೆಡಿಸಬೇಡಿ ಎಂದು ಬೋಧಿಸುತ್ತಿದ್ದೆ. ಪಕ್ಕದ ಮನೆಯ ದೇಶಪಾಂಡೆ ಕಾಕು ಮುಂದಿನ ಸಾಲಿನಲ್ಲಿ ಕೂತು "ಬರೋಬರ್, ಬರೋಬರ್" ಎಂದು ತಲೆದೂಗುತ್ತಿದ್ದರು. ತೊಂದರೆ ಅನುಭವಿಸಬೇಕಾದವರು ಬೇರೆಯವರಾಗಿದ್ದಾಗ ಇಂಥ ಭಾಷಣ ಎಷ್ಟು ಸರಾಗವಾಗಿ ಬರುತ್ತದೆ ಎಂಬುದು ಅನುಭವಸ್ಥರಿಗೆ ಗೊತ್ತು.

ಇನ್ನು ಕೂಲರಿನ ವಿಷಯ. ನಾಗಪುರದ ಬೇಸಿಗೆಯನ್ನು ನೋಡದವರಿಗೆ ಕೂಲರ್ ಎಂದರೆ ಒಂದು ತಗಡಿನ ಡಬ್ಬಿ. ನೋಡಿದವರಿಗೆ ಅದು ಮನೆದೇವರು. ಕಿಟಕಿಯಾಚೆ ಕಬ್ಬಿಣದ ಕಾಲುಗಳ ಮೇಲೆ ನಿಂತು, ಮೂರು ಮಗ್ಗುಲಿಗೆ ಒದ್ದೆ ಹುಲ್ಲಿನ ಪರದೆ ಹೊದ್ದು, ಭರ್ರೆಂದು ಕೂಗುತ್ತ ಒಳಗೆ ತಂಪುಗಾಳಿ ಊದುವ ದೇವರು. ಹೋಳಿ ಮುಗಿದದ್ದೇ ತಡ, ಊರಿಗೆ ಊರೇ ಹಳೆಯ ಹುಲ್ಲು ಕಿತ್ತು ಹೊಸದು ತುಂಬಿ ಸ್ವಿಚ್ ಒತ್ತುತ್ತದೆ. ನಾನು ಮಾತ್ರ ಒತ್ತುತ್ತಿರಲಿಲ್ಲ. ಧಾರವಾಡದವನೆಂಬ ಬಿಗುಮಾನ. "ನಾವು ಯುಗಾದಿಗಿಂತ ಮೊದಲ ಕೂಲರ್ ಹಚ್ಚೂ ಮಂದಿ ಅಲ್ಲ" ಎಂದು ಬೆವರು ಒರೆಸಿಕೊಳ್ಳುತ್ತಲೇ ಹೇಳುತ್ತಿದ್ದೆ. ಧಾರವಾಡದಲ್ಲಿ ನಮ್ಮ ಮನೆಯಲ್ಲಿ ಕೂಲರೇ ಇರಲಿಲ್ಲ ಎಂಬುದು ಬೇರೆ ಮಾತು.

ಆ ವರ್ಷವೂ ಹಾಗೆಯೇ ಆಯಿತು. ಇಡೀ ಕಾಲೊನಿಯ ಕೂಲರುಗಳು ಬೊಬ್ಬೆ ಹೊಡೆಯುತ್ತಿದ್ದಾಗ ಗಪ್ಪಾಗಿ ನಿಂತದ್ದು ನಮ್ಮದೊಂದೇ. ಮನೆ ಹುಡುಕುತ್ತಿದ್ದ ಬೆಳವದ ಜೋಡಿಗೆ ಇನ್ನೇನು ಬೇಕು? ಯುಗಾದಿಯ ದಿನ ಬೇವು ಬೆಲ್ಲ ತಿಂದು, ಹೊಸ ಹುಲ್ಲಿನ ಕಟ್ಟು ಹಿಡಿದು ಕೂಲರಿನ ಹಿಂಬದಿಯ ಜಾಳಿಗೆ ತೆಗೆದರೆ, ಮೋಟಾರಿನ ಮೇಲೆ ನಾಲ್ಕಾರು ಕಡ್ಡಿ ಚೆಲ್ಲಿ ಅದಕ್ಕೆ ಗೂಡೆಂದು ಹೆಸರಿಟ್ಟುಕೊಂಡು ತಾಯಿ ಬೆಳವ ಕೂತಿದೆ. ಹೊಟ್ಟೆಯ ಕೆಳಗೆ ಬೆಳ್ಳನೆಯ ಎರಡು ಮೊಟ್ಟೆ. ಹುಲ್ಲಿನ ಮೂಲೆ ಹರಿದಲ್ಲಿ ಅದರ ಹೆಬ್ಬಾಗಿಲು. ಬೆಳವ ನನ್ನನ್ನು ಬಾಡಿಗೆ ಕೇಳಲು ಬಂದವನನ್ನು ನೋಡುವಂತೆ ನೋಡಿತು.

ಹೆಂಡತಿ ಸುಮಾಳನ್ನು ಕರೆದೆ. ಅವಳು ನೋಡಿ ಮೆತ್ತಗೆ ಜಾಳಿಗೆ ಮುಚ್ಚಿದಳು. ಒಳಗೆ ಹೋಗಿ ಸ್ವಿಚ್ಚಿನ ಮೇಲೆ ಗಾಯಕ್ಕೆ ಹಚ್ಚುವ ಔಷಧದ ಪಟ್ಟಿ ಅಂಟಿಸಿದಳು.

"ಅಲ್ಲ ಸುಮಾ, ಗೂಡನ್ನ ಹಂಗ ಎತ್ತಿ ಬೇವಿನ ಗಿಡದ ಮ್ಯಾಲೆ ಇಟ್ರ?" ಎಂದೆ, ಆದಷ್ಟು ಸಹಜವಾಗಿ.

"ಅಲ್ರೀ, ಊರ ಮಂದಿಗೆಲ್ಲಾ ಗೂಡು ಮುಟ್ಟಬ್ಯಾಡ್ರಿ ಅಂತ ಹೇಳಾವ್ರು ನೀವ. ನಮ್ಮನ್ಯಾಗ ಬಂದ್ರ ಎತ್ತಿ ಇಡೋದೇನು?" ಎಂದಳು. ನನ್ನ ಭಾಷಣವನ್ನು ಅವಳು ಅಷ್ಟು ಲಕ್ಷ್ಯಗೊಟ್ಟು ಕೇಳಿದ್ದಳೆಂದು ನನಗೆ ಅವತ್ತೇ ತಿಳಿದದ್ದು.

ಸುದ್ದಿ ಕಾಕು ಅವರ ಕಿವಿಗೆ ಬಿತ್ತು ಎಂದರೆ ಮುಗಿಯಿತು. ಸಂಜೆಯೊಳಗೆ ಕಾಲೊನಿಯ ಹೆಂಗಸರೆಲ್ಲ ಬಂದು ಜಾಳಿಗೆಯ ಸಂದಿಯಿಂದ ಬಾಣಂತಿಯನ್ನು ನೋಡಿಕೊಂಡು ಹೋದರು. "ಅಯ್ಯಾ, ಹೋಲಾ ಆಹೆ! ಭಾವೂ, ತುಮ್ಹೀ ಖರೇ ಪಕ್ಷಿಮಿತ್ರ!" ಎಂದರು ಕಾಕು. ಬೆಳವಕ್ಕೆ ಅಲ್ಲಿ ಹೋಲಾ ಎನ್ನುತ್ತಾರೆ. ಹಾಗೆ ಖರೇ ಪಕ್ಷಿಮಿತ್ರನೆಂಬ ಬಿರುದು ಹೊತ್ತ ಮೇಲೆ ಸ್ವಿಚ್ ಕಡೆ ಕಣ್ಣು ಹಾಯಿಸುವುದೂ ಸಾಧ್ಯವಾಗಲಿಲ್ಲ. ಮೇಲಿಂದ ಮೇಲೆ ಮಾವಿನಕಾಯಿಯ ಪನ್ಹೆ ಕುಡಿದೆ, ಒದ್ದೆ ಪಂಚೆ ಹೊದ್ದೆ. ಏನೂ ಸಾಲದೆ, ದೊಡ್ಡ ಕೂಲರಿದ್ದ ನಮ್ಮ ಕಚೇರಿಗೆ ಬೆಳಗ್ಗೆ ಎಲ್ಲರಿಗಿಂತ ಮೊದಲು ಹೋಗಿ, ಸಂಜೆ ಎಲ್ಲರಿಗಿಂತ ಕೊನೆಗೆ ಏಳತೊಡಗಿದೆ. ಸಾಹೇಬರು ನನ್ನ ಕಾರ್ಯನಿಷ್ಠೆಯನ್ನು ಎಲ್ಲರೆದುರು ಹೊಗಳಿದರು. ಬೆಳವದ ಋಣ ಎಂದುಕೊಂಡೆ.

ಇಷ್ಟೆಲ್ಲ ಸಹಿಸಿದ್ದಕ್ಕೆ ಒಂದು ಫೋಟೊವಾದರೂ ಬೇಡವೇ? ಹಕ್ಕಿ ಓಡಿಹೋಗದೆ ಕೂತಲ್ಲೇ ಕೂತಿರುವ ಸಂದರ್ಭ ನನ್ನ ಜೀವನದಲ್ಲಿ ಮೊದಲ ಬಾರಿ ಬಂದಿತ್ತು. ಆದರೆ ಡಬ್ಬಿಯೊಳಗೆ ಕತ್ತಲೆ, ಫ್ಲ್ಯಾಶ್ ಇಲ್ಲದೆ ಏನೂ ಬರುವಂತಿರಲಿಲ್ಲ. ಫ್ಲ್ಯಾಶ್ ಹಚ್ಚಲು ಸುಮಾ ಬಿಡಲಿಲ್ಲ. "ಬಾಣಂತಿ ಕಣ್ಣಿಗೆ ಮಿಂಚು ಹೊಡೀತೀರಿ? ಮರಿ ಹೊರಗ ಬರ್ಲಿ, ಬಿಸಲಾಗ ತೆಗೀರಂತ" ಎಂದಳು. ಅದೂ ನನ್ನದೇ ಭಾಷಣದ ಒಂದು ಭಾಗ. ಕಾದೆ. ಮೊಟ್ಟೆ ಒಡೆದು ಮರಿಗಳು ಬಂದವು, ರೆಕ್ಕೆ ಬಲಿತವು. ಲೋಡು ಮಾಡಿದ ಕ್ಯಾಮೆರಾ ಕಿಟಕಿಯ ಪಕ್ಕದಲ್ಲೇ ಇಟ್ಟಿದ್ದೆ.

ಅವು ಹಾರಿದ ದಿನ ನಾನು ಮನೆಯಲ್ಲಿರಲಿಲ್ಲ. ರಜೆಯ ದಿನವಾದರೂ ಅರ್ಜೆಂಟ್ ಕೆಲಸವೆಂದು ಸುಳ್ಳು ಹೇಳಿ ಕಚೇರಿಯ ತಂಪಿಗೆ ಹೋಗಿದ್ದೆ. ಮರಳಿ ಬಂದರೆ ಸುಮಾ ಮುಖ ಅರಳಿಸಿಕೊಂಡು, ಎರಡೂ ಮರಿ ಕಿಟಕಿಯ ಸರಳಿನ ಮೇಲೆ ಬಿಸಿಲಿನಲ್ಲಿ ತಾಸುಗಟ್ಟಲೆ ಕೂತಿದ್ದವು, ಆಮೇಲೆ ಬೇವಿನ ಮರಕ್ಕೆ ಹೋದವು ಎಂದು ವರ್ಣಿಸಿದಳು. ನನಗೆ ಅಳುವೇ ಬಂತು. ಜೊತೆಗೆ ಸಂತೋಷವೂ ಆಯಿತು, ಇಲ್ಲವೆನ್ನಲಾರೆ. ನಮ್ಮ ಕೂಲರಿನಿಂದ ಎರಡು ಜೀವ ಲೋಕಕ್ಕೆ ಹೋಗಿದ್ದವು.

ಆದರೆ ಸಂತೋಷಕ್ಕಿಂತ ಸೆಕೆ ಹೆಚ್ಚಿತ್ತು. ಹುಲ್ಲು ತುಂಬುವಷ್ಟು, ನೀರು ಬಿಡುವಷ್ಟು ವ್ಯವಧಾನ ಯಾರಿಗಿತ್ತು? ಬರೀ ಗಾಳಿಯಾದರೂ ಸಾಕೆಂದು ಅಂಗಿ ಕಳಚಿ, ಬನಿಯನ್ನಿನಲ್ಲಿ ಕೂಲರಿಗೆ ಮುಖ ಕೊಟ್ಟು ನಿಂತೆ, ಪಟ್ಟಿ ಕಿತ್ತೆ, ಸ್ವಿಚ್ ಒತ್ತಿದೆ. ಖಾಲಿ ಗೂಡು ಮೋಟಾರಿನ ಮೇಲೆಯೇ ಇದೆ ಎಂಬುದು ಮರೆತೇ ಹೋಗಿತ್ತು. ಕಡ್ಡಿ, ಪುಕ್ಕ, ಒಣಗಿದ ಹಿಕ್ಕೆ, ಒಂದು ಸಂಸಾರದ ಸಮಸ್ತ ಆಸ್ತಿ ಭರ್ರೆಂದು ನನ್ನ ಬೆವರಿದ ಮೈಮೇಲೆ ಬಂದು ಅಂಟಿಕೊಂಡಿತು. ಕಣ್ಣು ಬಿಡುವಷ್ಟರಲ್ಲಿ 'ಕ್ಲಿಕ್' ಎಂಬ ಸದ್ದು. ಕ್ಯಾಮೆರಾ ಸುಮಾಳ ಕೈಯಲ್ಲಿತ್ತು.

ಆ ಫೋಟೊ ಏನು ಬಂದಿದೆ ಎನ್ನುತ್ತೀರಿ! ಒಂದೊಂದು ಪುಕ್ಕವನ್ನೂ ಎಣಿಸಬಹುದು. ಕಾಕು ಅದನ್ನು ಒಯ್ದು ದೊಡ್ಡದು ಮಾಡಿಸಿ ಕಾಲೊನಿಯ ನೋಟಿಸ್ ಬೋರ್ಡಿಗೆ ಹಚ್ಚಿದರು; ಮೇಲೆ ಮರಾಠಿಯಲ್ಲಿ, ಕೂಲರ್ ಹಚ್ಚುವ ಮೊದಲು ಒಳಗೆ ಗೂಡಿದೆಯೇ ನೋಡಿ ಎಂಬ ವಿನಂತಿ. ಈಗ ಹೋಳಿ ಬಂದರೆ ಅದು ತಪ್ಪದೆ ಬೋರ್ಡಿಗೆ ಬರುತ್ತದೆ. ನನ್ನ ಭಾಷಣಕ್ಕೆ ಆಕಳಿಸುತ್ತಿದ್ದವರೂ ಆ ಮುಖ ನೋಡಿ ನಕ್ಕು, ಮನೆಗೆ ಹೋಗಿ ಜಾಳಿಗೆ ತೆಗೆದು ಇಣುಕುತ್ತಾರೆ. ಅದರಿಂದ ಹಲವು ಗೂಡುಗಳು ಉಳಿದಿವೆ ಕೂಡ. ಕೆಳಗೆ ಛಾಯಾಚಿತ್ರ ಎಂದು ಸುಮಾಳ ಹೆಸರಿದೆ. ನನ್ನ ಹೆಸರು ಎಲ್ಲಿಯೂ ಇಲ್ಲ. ಹಕ್ಕಿಗಳ ಫೋಟೊದಲ್ಲಿ ಹಕ್ಕಿಯ ಹೆಸರು ಹಾಕುವ ಪದ್ಧತಿ ಉಂಟು, ಅದನ್ನಾದರೂ ಪಾಲಿಸಬಹುದಿತ್ತು.